ದ್ವಾರಪಾಲಕನ ಧರ್ಮ

ಬಸದಿಯ ಬಾಗಿಲಿನ ಇಕ್ಕೆಲಗಳಲ್ಲಿ ನಿಂತ ದ್ವಾರಪಾಲಕರನ್ನು ಕಾಣದ ಜೈನ ಮಗುವಿರಲಾರದು. ಆಯುಧ ಹಿಡಿದು ನಿಂತ ಆ ಮೂರ್ತಿಗಳನ್ನು ಕಂಡು, ಬರುವವರನ್ನು ತಡೆಯುವುದೇ ಇವರ ಕೆಲಸವೆಂದು ಮಕ್ಕಳು ತಿಳಿಯುವುದು ಸಹಜ. ವಿವೇಚಿಸಿ ನೋಡಿದರೆ ಬಾಗಿಲು ಕಾಯುವವನ ಧರ್ಮ ಅಷ್ಟಕ್ಕೇ ಮುಗಿಯುವುದಿಲ್ಲ. ಬರಬಾರದ್ದನ್ನು ತಡೆಯುವಂತೆ, ಬರತಕ್ಕದ್ದಕ್ಕೆ ದಾರಿ ಬಿಡುವುದೂ ಅವನ ಹೊಣೆಯೇ. ಇನ್ನು, ಒಬ್ಬನನ್ನು ತಡೆದಾಗ ಏತಕ್ಕಾಗಿ ತಡೆದೆನೆಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಆ ಧರ್ಮದ ಬಹುಸೂಕ್ಷ್ಮವಾದ ಅಂಶ. ಇದು ಮರೆತುಹೋದಲ್ಲಿ ಯಾರಿಗೆ ಏನು ನಷ್ಟವಾಗುತ್ತದೆ ಎಂಬುದಕ್ಕೆ ಫರಂಗಿಪೇಟೆಯ ಒಂದು ಮನೆಯಲ್ಲಿ ನಡೆದ ಸಂಗತಿ ನಿದರ್ಶನವಾಗಿದೆ.

ನೇತ್ರಾವತಿಯ ದಡದ ಆ ಮನೆಯಲ್ಲಿ ವೃದ್ಧೆಯಾದ ಅಜ್ಜಿಯೊಬ್ಬರಿದ್ದಾರೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅನ್ನವನ್ನಿರಲಿ, ನೀರನ್ನೂ ಮುಟ್ಟದ ನಿಯಮ ಅವರದು. ವರ್ಷದ ಎಂಟು ತಿಂಗಳು ಈ ನಿಯಮಪಾಲನೆಗೆ ಗಡಿಯಾರವೂ ಬೇಕಿಲ್ಲ, ಪಂಚಾಂಗವೂ ಬೇಕಿಲ್ಲ. ಅಂಗಳಕ್ಕೆ ಇಳಿದು ಆಕಾಶ ನೋಡಿದರಾಯಿತು. ಆದರೆ ಆಷಾಢ ಶ್ರಾವಣಗಳಲ್ಲಿ ತುಳುನಾಡಿನ ಮುಗಿಲು ವಾರಗಟ್ಟಲೆ ಸೂರ್ಯನನ್ನು ಬಿಟ್ಟುಕೊಡುವುದಿಲ್ಲ. ನಡುಮಧ್ಯಾಹ್ನವೇ ದೀಪ ಹಚ್ಚುವಂಥ ಕತ್ತಲೆ. ಕರಾವಳಿಯಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಸಂಜೆ ಸುಮಾರು 7 ಗಂಟೆಗೆ, ನವೆಂಬರಿನಲ್ಲಿ ಸುಮಾರು 6 ಗಂಟೆಗೆ. ಈ ಅಂತರವನ್ನು ಮೋಡದ ಮರೆಯಲ್ಲಿ ಊಹಿಸುವುದು ಸುಲಭವಲ್ಲ. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳು ಅಜ್ಜಿಯ ಕಣ್ಣಿಗೆ ನಿಲುಕುತ್ತಿರಲಿಲ್ಲ.

ಮೊಮ್ಮಗ ಕಂಪ್ಯೂಟರ್ ವಿದ್ಯೆ ಕಲಿತು ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದವನು. ಅಜ್ಜಿಯ ಕಷ್ಟವನ್ನು ಕಂಡು ಅವನು ರಾತ್ರಿಗಳಲ್ಲಿ ಕುಳಿತು ಒಂದು ಆ್ಯಪ್ ಸಿದ್ಧಪಡಿಸಿದ. ಮೊಬೈಲ್ ಇರುವ ಸ್ಥಳವನ್ನು ತಿಳಿದು, ಅಲ್ಲಿಯ ಆ ದಿನದ ಸೂರ್ಯೋದಯ ಮತ್ತು ಸೂರ್ಯಾಸ್ತದ ವೇಳೆಯನ್ನು ದೊಡ್ಡ ಕನ್ನಡ ಅಂಕಿಗಳಲ್ಲಿ ತೋರಿಸುವುದು; ಕೆಳಗೆ ತಿಥಿ. ಇಷ್ಟೇ. ಜಾಹೀರಾತಿಲ್ಲ, ಬೆಲೆಯಿಲ್ಲ. ತನ್ನ ಮನೆಗೆ ಉಪಯೋಗವಾದುದು ಬೆಳ್ತಂಗಡಿ, ಮೂಡಬಿದಿರೆ ಕಡೆಯ ಶ್ರಾವಕರ ಮನೆಗಳಿಗೂ ಆಗಲಿ ಎಂದು ಅವನು ಅದನ್ನು ಒಂದು ಆ್ಯಪ್ ಅಂಗಡಿಗೆ ಒಪ್ಪಿಸಿದ. ಯಾವ ಅಂಗಡಿ ಎಂಬುದು ಇಲ್ಲಿ ಮುಖ್ಯವಲ್ಲ.

ಈ ಅಂಗಡಿಗಳ ವ್ಯವಸ್ಥೆಯನ್ನು ಅರಿಯದ ಓದುಗರಿಗಾಗಿ ಎರಡು ಮಾತು ಅಗತ್ಯ. ಆ್ಯಪಲ್ ಸಂಸ್ಥೆಯ ಆ್ಯಪ್ ಸ್ಟೋರ್ ಆರಂಭವಾದದ್ದು 2008ರ ಜುಲೈ 10ರಂದು, ಸುಮಾರು 500 ಆ್ಯಪ್‌ಗಳೊಡನೆ. ಅದೇ ವರ್ಷ ಗೂಗಲ್ ತೆರೆದ ಆಂಡ್ರಾಯ್ಡ್ ಮಾರ್ಕೆಟ್ 2012ರಲ್ಲಿ ಗೂಗಲ್ ಪ್ಲೇ ಎಂಬ ಹೆಸರು ಪಡೆಯಿತು. ಅಂಗಡಿಯಲ್ಲಿ ಸರಕಿಡಬೇಕೆನ್ನುವವರು ಮೊದಲಿನದಕ್ಕೆ ವರ್ಷಕ್ಕೆ 99 ಡಾಲರ್, ಎರಡನೆಯದಕ್ಕೆ ಒಂದೇ ಬಾರಿ 25 ಡಾಲರ್ ಕಟ್ಟಿ ಖಾತೆ ತೆರೆಯಬೇಕು; ಅನಂತರ ಕೆಲಸವನ್ನು ಪರಿಶೀಲನೆಗೆ ಒಪ್ಪಿಸಬೇಕು. ಯಂತ್ರಗಳೂ ಮನುಷ್ಯರೂ ಸೇರಿ ಅದನ್ನು ಪರೀಕ್ಷಿಸುತ್ತಾರೆ. ಈ ಪರೀಕ್ಷೆ ಅನಾವಶ್ಯಕವೆಂದು ಯಾರೂ ಹೇಳಲಾರರು. ಬ್ಯಾಂಕಿನ ಹೆಸರು ಹೊತ್ತು ಹಣ ಕದಿಯುವ, ಸಾಲದ ನೆಪದಲ್ಲಿ ಸಂಪರ್ಕ ಸಂಖ್ಯೆಗಳನ್ನೆಲ್ಲ ದೋಚಿ ಬೆದರಿಸುವ ಆ್ಯಪ್‌ಗಳಿಂದ ನಮ್ಮ ನಾಡಿನ ಎಷ್ಟೋ ಮನೆಗಳು ನೊಂದಿವೆ. ಆ್ಯಪಲ್ ಸಂಸ್ಥೆಯೇ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಪರಿಶೀಲನೆಗೆ ಬಂದವು 61 ಲಕ್ಷಕ್ಕೂ ಹೆಚ್ಚು. ತಿರಸ್ಕೃತವಾದವು ಸುಮಾರು 16.8 ಲಕ್ಷ. ಇಷ್ಟು ದೊಡ್ಡ ರಾಶಿಯಲ್ಲಿ ಫರಂಗಿಪೇಟೆಯ ಒಂದು ಕಾಳು ಕಣ್ಣಿಗೆ ಬೀಳುವುದೇ ಹೆಚ್ಚೆನ್ನಬೇಕು.

ಮೊಮ್ಮಗನ ಕೆಲಸವೂ ತಿರಸ್ಕೃತವಾಯಿತು. ಬಂದ ಉತ್ತರದಲ್ಲಿ ಆ್ಯಪ್ ನಿರೀಕ್ಷಿಸಿದಂತೆ ವರ್ತಿಸುವುದಿಲ್ಲವೆಂದೂ ನಿಯಮಾವಳಿಯನ್ನು ನೋಡಿಕೊಳ್ಳಬೇಕೆಂದೂ ಇತ್ತು. ಜೊತೆಗೆ ಆ್ಯಪಿನ ಪರದೆಯ ಒಂದು ಚಿತ್ರ. ವರ್ತನೆಯಲ್ಲಿ ಏನು ದೋಷ, ಯಾವಾಗ ಕಂಡಿತು, ಚಿತ್ರದಲ್ಲಿ ನೋಡತಕ್ಕದ್ದೇನು ಎಂಬುದರ ಸುಳಿವಿರಲಿಲ್ಲ. ಅವನು ತನ್ನ ಮೊಬೈಲಿನಲ್ಲಿ ಹತ್ತು ಬಾರಿ ಪರೀಕ್ಷಿಸಿದ, ಎಲ್ಲವೂ ಸರಿಯಾಗಿತ್ತು. ವಿವರಣೆ ಬರೆದು ಮತ್ತೆ ಒಪ್ಪಿಸಿದ. ಅದೇ ಉತ್ತರ, ಅಕ್ಷರ ಸಹಿತ. ಮೂರನೆಯ ಬಾರಿಯೂ ಅದೇ. ಕನ್ನಡ ಬಾರದ ಯಾರೋ, ಅಥವಾ ಭಾಷೆಯೇ ಇಲ್ಲದ ಯಂತ್ರವೊಂದು, ತನ್ನ ಕೆಲಸವನ್ನು ಓದದೆಯೇ ಪಕ್ಕಕ್ಕೆ ತಳ್ಳಿದೆಯೆಂದು ಅವನು ನಿಶ್ಚಯಿಸಿದ. ಕಾರಣ ತಿಳಿಯದ ತಿರಸ್ಕಾರವು ಮನುಷ್ಯನಲ್ಲಿ ಮೊದಲು ಸಂಶಯವನ್ನೂ ಅನಂತರ ಕ್ರೋಧವನ್ನೂ ಹುಟ್ಟಿಸುತ್ತದೆ. ಕ್ರೋಧ ಬಂದ ಮೇಲೆ ತನ್ನ ತಪ್ಪು ತನಗೆ ಕಾಣುವುದಿಲ್ಲ.

ಮಿತ್ರನೊಬ್ಬ ಉಪಾಯ ಹೇಳಿದ: ‘ಅಂಗಡಿಯ ಹಂಗೇಕೆ ಮಾರಾಯ? ಫೈಲನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸು. ಬೇಕಾದವರು ಹಾಕಿಕೊಳ್ಳುತ್ತಾರೆ.’ ಹಾಗೆಯೇ ಆಯಿತು. ಅಜ್ಜಿಯ ಮೊಬೈಲಿನಿಂದ ಮೊದಲ್ಗೊಂಡು, ಗುರುವಾಯನಕೆರೆ, ವೇಣೂರು, ಮೂಡಬಿದಿರೆಗಳ ನೆಂಟರಿಷ್ಟರ ಸುಮಾರು ಇಪ್ಪತ್ತು ಮನೆಗಳಿಗೆ ಆ ಫೈಲು ಹೋಯಿತು. ಎಲ್ಲರೂ ಹೊಗಳಿದರು. ಬಾಗಿಲು ತೆರೆಯದಿದ್ದರೇನು, ಗೋಡೆ ಹಾರಿದರಾಯಿತಲ್ಲ ಎಂದು ಅವನಿಗೂ ಅನಿಸಿತು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಪರ್ವದ ಮೊದಲ ದಿನ ಮನೆಗೆ ಬಂದ ಸೊಸೆಯ ತಂದೆಯವರು ಗೋಡೆಯ ಕ್ಯಾಲೆಂಡರ್ ನೋಡಿ ಮಂಗಳೂರಿನ ಸೂರ್ಯೋದಯದ ವೇಳೆಯನ್ನು ಓದಿ ಹೇಳಿದರು. ಅಜ್ಜಿ ಮೊಬೈಲ್ ನೋಡಿದರು. ಹನ್ನೊಂದು ನಿಮಿಷದ ವ್ಯತ್ಯಾಸ! ಮೊಬೈಲಿನಲ್ಲಿ ಸೂರ್ಯ ಮೊದಲೇ ಹುಟ್ಟಿದ್ದ.

ಮೊಮ್ಮಗ ಪರೀಕ್ಷಿಸಿದಾಗ ಸಂಗತಿ ಬಯಲಾಯಿತು. ಬ್ಯಾಟರಿ ಉಳಿಯಲೆಂದು ಮನೆಯವರು ಅಜ್ಜಿಯ ಮೊಬೈಲಿನಲ್ಲಿ ಸ್ಥಳ ತಿಳಿಯುವ ಸೌಕರ್ಯವನ್ನು ಮುಚ್ಚಿಟ್ಟಿದ್ದರು. ಸ್ಥಳ ತಿಳಿಯದಾಗ ಆ್ಯಪ್ ಸುಮ್ಮನಿರಬೇಕಿತ್ತು. ಅದು ಹಾಗೆ ಮಾಡದೆ, ಕೆಲಸದ ಆರಂಭದಲ್ಲಿ ಪರೀಕ್ಷೆಗೆಂದು ಅವನು ಬರೆದಿಟ್ಟಿದ್ದ ಬೆಂಗಳೂರಿನ ವೇಳೆಯನ್ನು ತೋರಿಸುತ್ತಿತ್ತು. ಬೆಂಗಳೂರು ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಕರಾವಳಿಗಿಂತ ಸುಮಾರು ಹನ್ನೊಂದು ನಿಮಿಷ ಮೊದಲು ಉದಯಿಸುತ್ತಾನೆ, ಅಷ್ಟೇ ಮೊದಲು ಅಸ್ತಮಿಸುತ್ತಾನೆ. ಸಂಜೆಯ ಊಟಕ್ಕೆ ಇದರಿಂದ ಬಾಧಕವಿರಲಿಲ್ಲ. ಬೆಳಗಿನ ಮಾತು ಬೇರೆ. ಆ ಮಳೆಗಾಲದುದ್ದಕ್ಕೂ ಅಜ್ಜಿ ಮೊಬೈಲನ್ನು ನಂಬಿ ಸೂರ್ಯೋದಯಕ್ಕೆ ಮುನ್ನವೇ ನೀರು ಕುಡಿದಿದ್ದರು. ಅರುವತ್ತು ವರ್ಷ ಅಖಂಡವಾಗಿ ನಡೆದುಬಂದ ನಿಯಮ ಮೊಮ್ಮಗನ ಪ್ರೀತಿಯ ಕಾಣಿಕೆಯಿಂದಲೇ ಭಗ್ನವಾಗಿತ್ತು.

ಅವನು ಅಂಗಡಿಯಿಂದ ಬಂದ ಹಳೆಯ ಉತ್ತರವನ್ನು ತೆಗೆದು, ಜೊತೆಗಿದ್ದ ಚಿತ್ರವನ್ನು ಮತ್ತೆ ನೋಡಿದ. ಪರದೆಯ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ‘ಬೆಂಗಳೂರು’ ಎಂದಿತ್ತು. ಪರಿಶೀಲಕರು ಸ್ಥಳದ ಅನುಮತಿಯನ್ನು ನಿರಾಕರಿಸಿ ಪರೀಕ್ಷಿಸಿದ್ದರು. ದೋಷವನ್ನು ಅವರು ಕಂಡಿದ್ದರು. ಮೂರು ಬಾರಿಯೂ ಕಂಡಿದ್ದರು. ಆದರೆ ‘ಅನುಮತಿ ನಿರಾಕರಿಸಿದಾಗಲೂ ವೇಳೆ ತೋರಿಸುತ್ತಿದೆ’ ಎಂಬ ಒಂದು ವಾಕ್ಯವನ್ನು ಬರೆದಿರಲಿಲ್ಲ.

ಇಲ್ಲಿ ತಪ್ಪು ಯಾರದು? ದ್ವಾರಪಾಲಕ ತಡೆದದ್ದು ಸರಿಯಾಗಿತ್ತು. ತಡೆದ ರೀತಿ ಸರಿಯಾಗಿರಲಿಲ್ಲ. ಗೋಡೆ ಹಾರಿದವನದಂತೂ ಸ್ಪಷ್ಟವಾಗಿ ತಪ್ಪು. ಒಂದು ವಸ್ತುವನ್ನು ಒಂದೇ ಕಡೆಯಿಂದ ನೋಡಿ ತೀರ್ಪು ಕೊಡಬಾರದೆಂದು ಕಲಿಸಿದ ಅನೇಕಾಂತದ ಪರಂಪರೆಗೆ ಇದು ಹೊಸ ಮಾತಲ್ಲ. ಅಜ್ಜಿ ಮಾತ್ರ ಯಾರನ್ನೂ ದೂಷಿಸಲಿಲ್ಲ. ‘ಮಗಾ, ಯಂತ್ರವನ್ನು ಕೇಳದೆ ನಂಬಿದ್ದು ನನ್ನ ಪ್ರಮಾದ’ ಎಂದು ಹೇಳಿ, ಪ್ರಾಯಶ್ಚಿತ್ತವಾಗಿ ಉಪವಾಸವನ್ನು ಕೈಕೊಂಡರು. ಆ ದಿನ ಮೊಮ್ಮಗನೂ ಊಟ ಮಾಡಲಿಲ್ಲ.

ಬಾಗಿಲು ಕಾಯುವವರ ಮೌನ ಹಿಂಬಾಗಿಲನ್ನು ತೆರೆಸುತ್ತದೆ ಎಂಬುದಕ್ಕೆ ಮೂಡಬಿದಿರೆಯ ಇತಿಹಾಸದಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿದ್ದವು. ಅವು ದರ್ಶನಕ್ಕೆ ಮಾತ್ರ ಲಭ್ಯವಿದ್ದವು, ಅಧ್ಯಯನಕ್ಕಲ್ಲ. ಕಾಯ್ದವರ ಉದ್ದೇಶ ಪವಿತ್ರವಾದದ್ದು: ಜೀರ್ಣವಾದ ಓಲೆ ಮುರಿದೀತು, ಅಯೋಗ್ಯರ ಕೈಗೆ ಹೋದೀತು ಎಂಬ ಭಯ. ಅವರು ಕಾಯದಿದ್ದರೆ ಆ ಗ್ರಂಥಗಳು ಇಂದು ಲೋಕಕ್ಕೆ ಉಳಿಯುತ್ತಿರಲಿಲ್ಲ. 1896ರ ಸುಮಾರಿಗೆ, ಸೋಲಾಪುರದ ಶ್ರೇಷ್ಠಿ ಹೀರಾಚಂದ ನೇಮಚಂದ ಮೊದಲಾದವರ ಪ್ರಯತ್ನದಿಂದ, ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಇದರಲ್ಲಿ ತೊಡಗಿದ್ದರು. 1922ರವರೆಗೆ ಕಾಲು ಶತಮಾನವೇ ಹಿಡಿದ ಈ ಕಾರ್ಯದ ಪ್ರತಿಗಳು ಮೂಡಬಿದಿರೆಯಲ್ಲಿಯೇ ಇರತಕ್ಕದ್ದೆಂಬ ನಿರ್ಬಂಧವಿತ್ತು.

ಈ ನಡುವೆ ಗಜಪತಿ ಉಪಾಧ್ಯಾಯರು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಕೊಂಡರು. ಅದನ್ನು ಸೋಲಾಪುರಕ್ಕೆ ಒಯ್ದಾಗ, ಆ ಗ್ರಂಥಗಳಿಗಾಗಿ ವರ್ಷಗಟ್ಟಲೆ ಹಂಬಲಿಸಿದ್ದ ಹೀರಾಚಂದರೇ ಅದನ್ನು ಸ್ವೀಕರಿಸಲು ಒಪ್ಪಲಿಲ್ಲ. ಬೇಕಾದ ವಸ್ತು ಅಯೋಗ್ಯ ಮಾರ್ಗದಿಂದ ಬಂದಾಗ ಬೇಡವೆನ್ನುವ ಆ ಧೈರ್ಯ ಸ್ಮರಣೀಯ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ಅಲ್ಲಿಯ ಮಂದಿರದಲ್ಲಿರಿಸಿದರು. ಅಲ್ಲಿ ದೇವನಾಗರಿಗೆ ಇಳಿಸಿದ ಲಿಪಿಕಾರ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಪ್ರತಿ ಇಟ್ಟುಕೊಂಡರು; ಅದರಿಂದ ಪ್ರತಿಗೆ ಪ್ರತಿಯಾಗಿ ಗ್ರಂಥ ಉತ್ತರ ಭಾರತದಲ್ಲಿ ಹರಡಿತು. ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ್ದು ಇಂಥ ಪ್ರತಿಗಳ ಆಧಾರದಿಂದಲೇ.

ಕೈಯಿಂದ ಕೈಗೆ ಹೋದ ಪ್ರತಿಗಳಲ್ಲಿ ದೋಷ ಸೇರುವುದು ಅನಿವಾರ್ಯ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಆ ಪ್ರತಿಗಳಲ್ಲಿ ಬಿಟ್ಟುಹೋಗಿತ್ತು. ಇಲ್ಲಿ ಒಂದು ಪದವಿರಬೇಕೆಂದು ಸಂಪಾದಕರು ಸೂಚಿಸಿದಾಗ ಪಂಡಿತರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಮೂಡಬಿದಿರೆಯ ಬಾಗಿಲು ತೆರೆದು, ಅಲ್ಲಿಯವರ ಸಹಕಾರದಿಂದ ಮೂಲ ಓಲೆಗಳೊಡನೆ ಹೋಲಿಸಿ ನೋಡಿದಾಗ ಆ ಪದ ಓಲೆಯಲ್ಲಿಯೇ ಇತ್ತು. ಅಂದರೆ ಸತ್ಯವು ಬಾಗಿಲ ಒಳಗಿತ್ತು. ಹೊರಗಿನವರು ಅದಿಲ್ಲದೆ ವಾದಿಸುತ್ತಿದ್ದರು. ಕಾಯುವವರು ಮತ್ತು ಬಯಸುವವರು ಒಟ್ಟಿಗೆ ಕುಳಿತ ದಿನ ಗ್ರಂಥವೂ ಶುದ್ಧವಾಯಿತು, ಮನಸ್ತಾಪವೂ ಶಮನವಾಯಿತು.

ಕಾವಲಿನಲ್ಲಿ ಇನ್ನೊಂದು ಬಗೆಯೂ ಉಂಟು. ಫರಂಗಿಪೇಟೆಯ ಹೆಸರೇ ಅದನ್ನು ನೆನಪಿಸುತ್ತದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ‘ಕಾರ್ಟಾಜ್’ ಎಂಬ ರಹದಾರಿಯನ್ನು ಜಾರಿಗೆ ತಂದರು. ಅದಿಲ್ಲದ ಹಡಗನ್ನು ಸರಕು ಸಹಿತ ವಶಪಡಿಸಿಕೊಳ್ಳುತ್ತಿದ್ದರು. ರಹದಾರಿ ಪಡೆದವನೂ ಅವರ ಬಂದರಿಗೆ ಹೋಗಿ ಸುಂಕ ತೆರಬೇಕು. ಸಮುದ್ರವನ್ನು ಕಾಯುವವರೂ ಅವರೇ, ಅದೇ ಸಮುದ್ರದಲ್ಲಿ ಮೆಣಸಿನ ವ್ಯಾಪಾರ ಮಾಡುವವರೂ ಅವರೇ. ಮೂಡಬಿದಿರೆಯ ಜೈನ ಅರಸರಾದ ಚೌಟರ ವಂಶದ ಅಬ್ಬಕ್ಕ ರಾಣಿ ಉಳ್ಳಾಲದಲ್ಲಿ ಅವರನ್ನು ಎದುರಿಸಿದುದು ಕರಾವಳಿಯ ಮಕ್ಕಳೆಲ್ಲ ಬಲ್ಲ ಕಥೆ. ಓಲೆಗಳನ್ನು ಕಾಯ್ದವರದು ಭಕ್ತಿಯ ಕಾವಲು. ಸಮುದ್ರದ್ದು ಲಾಭದ ಕಾವಲು. ಇಂದಿನ ಆ್ಯಪ್ ಅಂಗಡಿಗಳಲ್ಲಿ ರಕ್ಷಣೆಯೂ ಲಾಭವೂ ಬೆರೆತಿರುವುದರಿಂದಲೇ ವಿವೇಕ ಹೆಚ್ಚು ಬೇಕಾಗಿದೆ. ಅಂಗಡಿಯ ಒಡೆಯರು ಮಾರಾಟದಲ್ಲಿ ಪಾಲು ಪಡೆಯುತ್ತಾರೆ, ತಮ್ಮದೇ ಆ್ಯಪ್‌ಗಳನ್ನೂ ಅಲ್ಲಿಡುತ್ತಾರೆ. ಪ್ಲೇ ಸ್ಟೋರಿನ ಹಣಪಾವತಿಯ ನಿಯಮಗಳಿಗಾಗಿ ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. 2024ರ ಮಾರ್ಚ್ 1ರಂದು ಶುಲ್ಕದ ವಿವಾದದಲ್ಲಿ ಭಾರತದ ಹಲವು ಪ್ರಸಿದ್ಧ ಆ್ಯಪ್‌ಗಳು ಪ್ಲೇ ಸ್ಟೋರಿನಿಂದ ಮಾಯವಾಗಿ, ಕೇಂದ್ರ ಸರ್ಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮರಳಿದವು. ದೊಡ್ಡವರಿಗೆ ದೆಹಲಿಯ ಬಾಗಿಲು ತೆರೆಯುತ್ತದೆ. ಒಬ್ಬಂಟಿ ಯುವಕನಿಗೆ ಇರುವುದು ಒಂದು ಉತ್ತರಪತ್ರ ಮಾತ್ರ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ತಿರಸ್ಕಾರದೊಡನೆ ಕಾರಣವಿರಬೇಕು: ನಿಯಮದ ಸಂಖ್ಯೆಯಷ್ಟೇ ಅಲ್ಲ, ಯಾವ ಹೆಜ್ಜೆಯಲ್ಲಿ ಏನು ಕಂಡಿತೆಂಬ ಒಂದು ವಾಕ್ಯ. ಇದು ಅಸಾಧ್ಯವಾದ ಬೇಡಿಕೆಯಲ್ಲ. ಆ್ಯಪಲ್ ಸಂಸ್ಥೆ ತನ್ನ ನಿಯಮಗಳನ್ನೇ ಬರಹದಲ್ಲಿ ಪ್ರಕಟಿಸಿದ್ದು 2010ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮುನ್ನ ಎರಡು ವರ್ಷ ಜನರು ಕಾಣದ ನಿಯಮಗಳಿಗೆ ತಲೆಬಾಗಿದ್ದರು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯಿದೆ 2024ರ ಫೆಬ್ರುವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದ್ದು, ಇಂಥ ವೇದಿಕೆಗಳು ನಿರ್ಬಂಧ ವಿಧಿಸುವಾಗ ಸ್ಪಷ್ಟ ಕಾರಣ ಕೊಡಬೇಕೆಂದೂ ದೂರು ಕೇಳುವ ವ್ಯವಸ್ಥೆ ಇರಬೇಕೆಂದೂ ವಿಧಿಸುತ್ತದೆ. ಎರಡನೆಯದಾಗಿ, ಮೇಲ್ಮನವಿಯನ್ನು ತಿರಸ್ಕರಿಸಿದವರೇ ಕೇಳಬಾರದು, ಬೇರೊಬ್ಬರು ಕೇಳಬೇಕು. ಕನ್ನಡದ ಕೆಲಸವನ್ನು ಕನ್ನಡ ಬಲ್ಲವರು ನೋಡಬೇಕು. ಮೂರನೆಯದಾಗಿ, ಈಗಾಗಲೇ ಜನರ ಕೈಯಲ್ಲಿರುವ ಆ್ಯಪಿನ ದೋಷ ಸರಿಪಡಿಸುವ ಪರಿಷ್ಕರಣವನ್ನು ಬೇರಾವುದೋ ವಿವಾದಕ್ಕಾಗಿ ತಡೆಯಬಾರದು. ತಡೆದಷ್ಟು ದಿನ ಬಳಸುವವರಿಗೇ ಹಾನಿ. 2020ರಲ್ಲಿ ಆ್ಯಪಲ್ ಸಂಸ್ಥೆ ಇದನ್ನು ತತ್ತ್ವತಃ ಒಪ್ಪಿ, ನಿಯಮವನ್ನೇ ಪ್ರಶ್ನಿಸುವ ಅವಕಾಶವನ್ನೂ ಘೋಷಿಸಿತು. ಮಾರ್ಗ ಗೊತ್ತಿದೆ, ಚಿಕ್ಕವನಿಗೂ ಅದು ದೊರೆಯಬೇಕು. ಗೂಗಲ್ 2023ರ ನವೆಂಬರಿನಿಂದ ಹೊಸ ವೈಯಕ್ತಿಕ ಖಾತೆಗಳಿಗೆ 20 ಜನ ಸತತ 14 ದಿನ ಆ್ಯಪನ್ನು ಪರೀಕ್ಷಿಸಬೇಕೆಂದು ವಿಧಿಸಿ, ಮುಂದಿನ ವರ್ಷ ಆ ಸಂಖ್ಯೆಯನ್ನು 12ಕ್ಕೆ ಇಳಿಸಿತು. ನಿಯಮ ಕಟ್ಟಿದವರೇ ಅನುಭವದಿಂದ ಅದನ್ನು ತಿದ್ದಬಲ್ಲರು ಎಂಬುದಕ್ಕೆ ಇದು ಪ್ರಮಾಣ.

ರಚಿಸುವವರಿಗೂ ಧರ್ಮವುಂಟು. ಒಪ್ಪಿಸುವ ಮುನ್ನ ತನ್ನ ಮೊಬೈಲಿನಲ್ಲಿ ಅಲ್ಲ, ಅಜ್ಜಿಯ ಮೊಬೈಲಿನಲ್ಲಿ ಪರೀಕ್ಷಿಸಬೇಕು. ಯಾವ ಮಾಹಿತಿಯನ್ನು ಸಂಗ್ರಹಿಸುತ್ತೇನೆಂಬ ಘೋಷಣೆಯನ್ನು ಓದದೆ ಗುರುತು ಹಾಕುವುದು ಅಸತ್ಯವೇ. ನೆಂಟರಿಂದ ಐದೈದು ನಕ್ಷತ್ರ ಹಾಕಿಸಿಕೊಳ್ಳುವುದೂ ಅದೇ ಜಾತಿಯದು. ಬಸದಿಯ ಮೊಕ್ತೇಸರರೂ ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಸೇವೆ, ಕಾಣಿಕೆಗಳಿಗಾಗಿ ಆ್ಯಪ್ ಮಾಡಿಸುವ ಟ್ರಸ್ಟುಗಳು ಅಂಗಡಿಯ ಖಾತೆಯನ್ನು ಗುತ್ತಿಗೆದಾರನ ಹೆಸರಿನಲ್ಲಿ ಬಿಡದೆ ಟ್ರಸ್ಟಿನ ಹೆಸರಿನಲ್ಲಿಯೇ ತೆರೆಯುವುದು ಲೇಸು. ಸಂಸ್ಥೆಯ ಖಾತೆಗೆ ಡನ್ಸ್ ಸಂಖ್ಯೆ ಮುಂತಾದ ದಾಖಲೆಗಳು ಬೇಕಾಗುತ್ತವೆ. ಸ್ವಲ್ಪ ಶ್ರಮವಾದರೂ, ನಾಳೆ ತಪ್ಪು ತಿದ್ದುವ ಅಧಿಕಾರ ತಮ್ಮ ಕೈಯಲ್ಲಿರುತ್ತದೆ.

ಫರಂಗಿಪೇಟೆಯ ಯುವಕ ಅಂಗಡಿಗೆ ಮತ್ತೆ ಬರೆದ. ಈ ಬಾರಿ ದೂರಲಿಲ್ಲ. ತನ್ನ ದೋಷವನ್ನು ತಾನೇ ವಿವರಿಸಿ, ತಾವು ಕಂಡದ್ದು ಇದೇ ಹೌದೇ ಎಂದು ಕೇಳಿದ. ಎರಡು ಸಾಲಿನ ಉತ್ತರ ಬಂತು: ಹೌದು, ಅದೇ. ಬರೆದವರು ಮನುಷ್ಯರೆಂಬುದು ಆ ಎರಡು ಸಾಲುಗಳಿಂದ ಅವನಿಗೆ ಮೊದಲ ಬಾರಿಗೆ ತಿಳಿಯಿತು. ಸ್ಥಳ ತಿಳಿಯದಾಗ ಯಾವ ವೇಳೆಯನ್ನೂ ತೋರಿಸದೆ, ಊರನ್ನು ಆರಿಸಿಕೊಳ್ಳಿರೆಂದು ಕೇಳುವಂತೆ ಅವನು ಆ್ಯಪನ್ನು ತಿದ್ದಿದ. ಕೆಲವು ದಿನಗಳಲ್ಲಿ ಅದು ಅಂಗೀಕೃತವಾಯಿತು.

ಆದರೆ ಹಿಂಬಾಗಿಲಿನಿಂದ ಹೋದ ಇಪ್ಪತ್ತು ಪ್ರತಿಗಳು ತಾವಾಗಿ ತಿದ್ದಿಕೊಳ್ಳುವಂತಿರಲಿಲ್ಲ. ಕ್ಷಮಾವಾಣಿಯ ದಿನ ಬೆಳಿಗ್ಗೆ ಅವನು ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದ. ಗುರುವಾಯನಕೆರೆ, ವೇಣೂರು, ಮೂಡಬಿದಿರೆ. ಮನೆಮನೆಗೆ ಹೋಗಿ, ಹಿರಿಯರ ಮೊಬೈಲ್ ಕೇಳಿ ಪಡೆದು, ಹಳೆಯದನ್ನು ತೆಗೆದು ಹೊಸದನ್ನು ಹಾಕಿದ. ಏನು ತಪ್ಪಾಗಿತ್ತೆಂದು ಪ್ರತಿ ಮನೆಯಲ್ಲಿಯೂ ಹೇಳಿದ, ಮರೆಮಾಚಲಿಲ್ಲ. ಕೆಲವರು ನಕ್ಕರು, ಒಬ್ಬ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕ್ಷಮೆಯನ್ನು ಮಾತ್ರ ಯಾರೂ ನಿರಾಕರಿಸಲಿಲ್ಲ. ಎಲ್ಲ ಮನೆಗಳೂ ಒಂದೇ ದಿನದಲ್ಲಿ ಮುಗಿಯದೆ, ಮುಂದಿನ ಎರಡು ಭಾನುವಾರಗಳೂ ಬೇಕಾದವು.

ಅಜ್ಜಿ ಈಗಲೂ ಆ ಆ್ಯಪನ್ನು ಬಳಸುತ್ತಾರೆ. ಪಕ್ಕದಲ್ಲಿ ಕ್ಯಾಲೆಂಡರನ್ನೂ ಇಟ್ಟುಕೊಂಡಿದ್ದಾರೆ. ಅದರ ಸಣ್ಣ ಅಕ್ಷರಗಳನ್ನು ಓದಿ ಹೇಳುವುದು ಮೊಮ್ಮಗನ ಪ್ರತಿ ದಿನದ ಕೆಲಸವಾಗಿದೆ. ಎರಡೂ ಕೂಡಿಬಂದ ಮೇಲೆಯೇ ಅವರು ನೀರಿನ ತಂಬಿಗೆಗೆ ಕೈ ಚಾಚುತ್ತಾರೆ.